ಕೆಳಸಾಲಿನ ಗಂಟು

ಲೂರ್ದಮ್ಮ ಭಾನುವಾರ ಪೂಜೆಗೆ ಹೊರಡುವ ಮುಂಚೆ ನಿಂತಲ್ಲೇ ಒಂದು ತುಂಡು ಅಕ್ಕಿರೊಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕ್ರೈಸ್ತರಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಇವಳು ಬೇಕೆಂದೇ ತಿಂದು ಹೋಗುತ್ತಿದ್ದಳು. ಎಲ್ಲರೂ ಎದ್ದು ಪ್ರಸಾದಕ್ಕೆ ಸಾಲು ನಿಂತಾಗ ಪಕ್ಕದವರು ಮೊಣಕೈಯಿಂದ ತಿವಿದರೆ, "ಮರ್ತು ತಿನ್ಬುಟ್ಟೆ ಕಣವ್ವ" ಅಂತ ಪಿಸುಗುಟ್ಟಿ ಬೆಂಚಿಗೆ ಅಂಟಿಕೊಳ್ಳುತ್ತಿದ್ದಳು. ಒಂದೆರಡು ವಾರವಲ್ಲ, ಹನ್ನೊಂದು ವರ್ಷ ಹೀಗೆ ಮರೆತಳು. ಚರ್ಚನ್ನು ಅವರು ಗುಡಿ ಅನ್ನುತ್ತಾರೆ; ಆ ಗುಡಿಯ ಹೆಂಗಸರು ಅವಳನ್ನು ಹೊಟ್ಟೆಬಾಕಿ ಅಂದುಕೊಂಡರು. ಅಂದುಕೊಳ್ಳಲಿ ಬಿಡಿ, ನಿಜ ಹೇಳುವುದಕ್ಕಿಂತ ಹೊಟ್ಟೆಬಾಕಿ ಅನ್ನಿಸಿಕೊಳ್ಳುವುದೇ ಸಲೀಸಾಗಿತ್ತು ಅವಳಿಗೆ.

ರಾವಂದೂರು ಹೋಬಳಿಯ ಆ ಹಳ್ಳಿಯಲ್ಲಿ ಕ್ರೈಸ್ತರ ಮನೆ ಐದೇ ಐದು. ಲೂರ್ದಮ್ಮ ಅನ್ನುವ ಹೆಸರು ಊರವರ ನಾಲಿಗೆಗೆ ಹೊರಳದೆ ಲೂದಮ್ಮ ಆಗಿತ್ತು. ಹೆಸರು ಹೇಗಾದರೂ ಇರಲಿ, ಹೊಗೆಸೊಪ್ಪು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಉದ್ದನೆಯ ಕೋಲಿನ ಎರಡೂ ಬದಿಗೆ ದಾರದಲ್ಲಿ ಕಟ್ಟುತ್ತಾರೆ. ಆ ಕೋಲುಗಳನ್ನು ಬ್ಯಾರನ್ ಅನ್ನುವ ಎತ್ತರದ ಮನೆಯೊಳಗೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಏರಿಸುತ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಒಳಗೆ ನೆಲದ ಮೇಲಿನ ತಗಡಿನ ಕೊಳವೆ ಕಾಯುತ್ತದೆ, ಆ ಕಾವಿಗೆ ಸೊಪ್ಪು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಒಣಗಿದಂತೆ ಎಲೆಯ ತೊಟ್ಟು ಸೊರಗುತ್ತದೆ. ಗಂಟು ಸಡಿಲವಿದ್ದರೆ ಎಲೆ ಜಾರುತ್ತದೆ. ಮೇಲಿನ ಸಾಲಿನಿಂದ ಜಾರಿದ್ದು ಕೆಳಗಿನ ಸೊಪ್ಪಿನ ಮೇಲೆ ನಿಂತೀತು. ಕೆಳಸಾಲಿನಿಂದ ಜಾರಿದ್ದು ಮಾತ್ರ ನೇರ ಕಾದ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೆಳಸಾಲಿನ ಕೋಲಿಗೆ ಎರಡು ಸುತ್ತು ಹಾಕಿ ಬಿಗಿಯಬೇಕು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೇ ಲೂರ್ದಮ್ಮ.

ಅವಳು ಹೀಗೆ ಮರೆಯತೊಡಗಿದ ವರ್ಷದ ಸೆಪ್ಟೆಂಬರ್. ಮರಿಯಮಾತೆಯ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ ನಡೆಯುತ್ತಿತ್ತು. ಹೊಗೆಸೊಪ್ಪು ಬೆಳೆಯುವ ಉಮಾಶಂಕರ ಗೌಡರ ಚಪ್ಪರದಡಿ ಸೊಪ್ಪು ಕಟ್ಟುತ್ತಿದ್ದ ಲೂರ್ದಮ್ಮನಿಗೆ ಗುಡಿಗೆ ಹೋಗುವ ಆಟೋದ ಹಾರ್ನ್ ಕೇಳಿಸಿತು. ಇನ್ನೂ ಹನ್ನೆರಡು ಕೋಲು ಉಳಿದಿದ್ದವು. ಒಂದೊಂದೇ ಸುತ್ತು ಸುತ್ತಿ ಎಸೆದು, ಸೀರೆಗೆ ಕೈ ಒರೆಸಿಕೊಂಡು ಓಡಿದಳು. ದೇವರ ಕೆಲಸಕ್ಕೆ ತಾನೇ ಹೋಗುತ್ತಿರುವುದು, ಮಿಕ್ಕಿದ್ದು ಅವನೇ ನೋಡಿಕೊಳ್ಳುತ್ತಾನೆ ಅಂದುಕೊಂಡಳು. ದೇವರು ಗಂಟು ಬಿಗಿಯಲು ಬರುವುದಿಲ್ಲವೆಂದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಕೊನೆಗೆ ಕಟ್ಟಿದ್ದು ಕೊನೆಗೇ ಏರುತ್ತದೆ, ಅಂದರೆ ಕೆಳಸಾಲಿಗೆ. ಮಾರನೆಯ ಬೆಳಗ್ಗೆ ಬ್ಯಾರನ್ನಿನ ಕಿಂಡಿಯಲ್ಲಿ ಇಣುಕಿದವಳಿಗೆ ಕೆಳಗೆ ತನ್ನ ಗುರುತಿನ ಕೆಂಪು ದಾರದ ಕೋಲುಗಳೇ ಕಂಡವು. ಆಗಲೇ ಒಲೆ ಹತ್ತಿತ್ತು. ಹೇಳಿದರೆ ಎಲ್ಲ ಇಳಿಸಿ ಮತ್ತೆ ಕಟ್ಟಬೇಕು, ಗೌಡರಿಂದ ಬೈಸಿಕೊಳ್ಳಬೇಕು. ಏನೂ ಆಗಲಾರದು ಅಂತ ಸುಮ್ಮನಾದಳು. ನಾಲ್ಕನೆಯ ದಿನ ಹಬ್ಬ ಮುಗಿಸಿ ಮಧ್ಯಾಹ್ನ ಊರಿಗೆ ಬಂದರೆ ಬ್ಯಾರನ್ ಸೂರಿನ ಸಮೇತ ಉರಿಯುತ್ತಿತ್ತು.

ಒಲೆ ಕಾಯುತ್ತಿದ್ದವನು ಹುಚ್ಚಯ್ಯ. ಕೊಳವೆಯ ಮೇಲೆ ಅಂಗೈ ಆಡಿಸಿಯೇ ಕಾವು ಎಷ್ಟಿದೆ ಎಂದು ಹೇಳುತ್ತಿದ್ದ ಕೆಲಸಗಾರ. ಬೆಂಕಿ ಬಿದ್ದಾಗ ಅವನು ಟೀ ಕುಡಿಯಲು ಹೋಗಿದ್ದ, ಹತ್ತೇ ನಿಮಿಷ. ಊರಿಗೆ ಅಷ್ಟೇ ಸಾಕಾಯಿತು. ಸೌದೆ ತುರುಕಿ ಟೀ ಅಂಗಡಿಯಲ್ಲಿ ಹರಟೆ ಹೊಡೆಯುತ್ತಿದ್ದ ಅಂದರು. ಗೌಡರು ಅವನನ್ನು ಕೆಲಸದಿಂದ ಓಡಿಸಿದರು, ಆಮೇಲೆ ಬೇರೆ ಯಾರೂ ಬ್ಯಾರನ್ನಿಗೆ ಕರೆಯಲಿಲ್ಲ. ಅವನು ಹೆಂಡತಿಯ ಊರಾದ ಕಟ್ಟೆಮಳಲವಾಡಿಗೆ ಹೋಗಿ ಕುರಿ ಮೇಯಿಸಿಕೊಂಡು ಇದ್ದುಬಿಟ್ಟ. ಲೂರ್ದಮ್ಮ ಬಾಯಿ ಬಿಡಲಿಲ್ಲ. ಬಿಸಿ ತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಮಾಡಿದ ಪಾಪಗಳನ್ನು ಗುಡಿಯ ಫಾದರ್ ಮುಂದೆ ಹೇಳಿಕೊಳ್ಳುವ ಪಾಪನಿವೇದನೆಗೆ ವರ್ಷಕ್ಕೊಮ್ಮೆ ಮಂಡಿಯೂರಿದಾಗ ಕೋಪ ಮಾಡಿಕೊಂಡಿದ್ದು, ಚಾಡಿ ಹೇಳಿದ್ದು, ಎಲ್ಲ ಒಪ್ಪಿಸಿ ಇದೊಂದನ್ನು ಹಾರಿಸಿ ಎದ್ದು ಬರುತ್ತಿದ್ದಳು. ಪಾಪ ಮುಚ್ಚಿಟ್ಟುಕೊಂಡವರು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ, ಅದಕ್ಕೇ ಭಾನುವಾರದ ಆ ರೊಟ್ಟಿ.

ಕಳೆದ ವರ್ಷ, ಕ್ರೈಸ್ತರು ಉಪವಾಸವಿರುವ ತಪಸ್ಸುಕಾಲದಲ್ಲಿ, ಹುಣಸೂರಿನ ಸಂತೆಯಲ್ಲಿ ಹುಚ್ಚಯ್ಯನ ಹೆಂಡತಿ ಭದ್ರಮ್ಮ ಎದುರಾದಳು. ತಪ್ಪಿಸಿಕೊಳ್ಳಲು ಸಂದು ಸಿಗಲಿಲ್ಲ.

"ಎಂಗಿದ್ದೀಯ ಲೂದಮ್ಮ?" ಅಂತ ಕೈ ಹಿಡಿದುಕೊಂಡಳು ಭದ್ರಮ್ಮ. "ನಮ್ಮೋರು ಅವ್ರೆ ಕಣವ್ವ. ಬೆಂಕಿ ಒಂದ್ ಮುಟ್ಟಕಿಲ್ಲ. ನೀರೊಲೆಗೂ ನಾನೇ ಉರಿ ಹಾಕ್ಬೇಕು. ನನ್ ಕೈ ಒಳ್ಳೇದಲ್ಲ ಕಣೆ ಅಂತಾರೆ."

ಲೂರ್ದಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು.

"ಅವತ್ತು ಊರೋರೆಲ್ಲ ಒಂದೊಂದ್ ಮಾತು ಅಂದ್ರು. ನೀನೊಬ್ಳೇ ಏನೂ ಅನ್ನಲಿಲ್ಲ. ಅದ ನಾವು ಮರ್ತಿಲ್ಲ" ಅಂದವಳು, ಮಾರಲು ತಂದಿದ್ದ ಬದನೆಕಾಯಿಯಲ್ಲಿ ಒಂದು ಬೊಗಸೆ ತೆಗೆದು ಲೂರ್ದಮ್ಮನ ಚೀಲಕ್ಕೆ ಹಾಕಿದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಬದನೆಕಾಯಿಯನ್ನು ಲೂರ್ದಮ್ಮ ಸಾರಿಗೂ ಹಾಕಲಿಲ್ಲ, ಯಾರಿಗೂ ಕೊಡಲಿಲ್ಲ. ಮೂಲೆಯಲ್ಲೇ ಬಾಡಿದವು. ಶನಿವಾರ ಎದ್ದು ಗುಡಿಗೆ ನಡೆದಳು.

ಆಗ ಗುಡಿಗೆ ಹೊಸದಾಗಿ ಬಂದಿದ್ದ ಫಾದರ್ ವಯನಾಡಿನ ಕಡೆಯವರು, ಕನ್ನಡಕ್ಕೆ ಅಷ್ಟಿಷ್ಟು ಮಲಯಾಳ ಬೆರೆಸಿ ಮಾತಾಡುತ್ತಿದ್ದರು. ಹೊಗೆಸೊಪ್ಪು ಕಂಡವರಲ್ಲ. ತೆರೆಯ ಆಚೆ ಕೂತವರಿಗೆ ಈಚೆಯಿಂದ ಬ್ಯಾರನ್ ಅಂದರೇನು, ಕೋಲು ಅಂದರೇನು ಅಂತ ಮೊದಲು ಪಾಠ ಹೇಳಬೇಕಾಯಿತು. "ಈ ಕೆಳಸಾಲಿಗೆ ಎರಡು ಸುತ್ತು ಅಂದರೆ ಎಂತ?" ಅಂತ ಅವರು ಮತ್ತೆ ಕೇಳಿದಾಗ ಲೂರ್ದಮ್ಮ ತೆರೆ ಸರಿಸಿ, ಸೆರಗಿನ ನೂಲೆಳೆದು ಬೆರಳಿಗೆ ಸುತ್ತಿ ತೋರಿಸಿದಳು. ಸುತ್ತುತ್ತ ಸುತ್ತುತ್ತ ಅಳು ಬಂತು. ಹಿಂದೆ ಸರದಿಯಲ್ಲಿದ್ದವರು ಇವಳ ಪಾಪಕ್ಕೆ ಕೊನೆಯೇ ಇಲ್ಲವೇ ಎಂದು ಕೆಮ್ಮತೊಡಗಿದರು.

ಫಾದರ್ ಪೂರ್ತಿ ಕೇಳಿದರು. ಕ್ಷಮೆಯ ಪ್ರಾರ್ಥನೆ ಹೇಳಿ ಶಿಲುಬೆಯ ಗುರುತು ಹಾಕಿದರು. "ದೇವರು ಕ್ಷಮಿಸಿದರು. ಅದರಲ್ಲಿ ಸಂಶಯ ಬೇಡ ಅಮ್ಮ."

"ಪ್ರಾಯಶ್ಚಿತ್ತಕ್ಕೆ ಎಷ್ಟ್ ಜಪಸರ ಹೇಳ್ಲಿ ಸ್ವಾಮಿ? ನೂರು?"

"ಒಂದೂ ಬೇಡ. ಆ ಮನುಷ್ಯನ ಒಳ್ಳೆಯ ಹೆಸರನ್ನು ಅವರಿಗೆ ವಾಪಸು ಕೊಟ್ಟು ಬನ್ನಿ."

"ಐನೂರ್ ಹೇಳ್ತೀನಿ ಸ್ವಾಮಿ, ಅಲ್ಲಿಗ್ ಮಾತ್ರ ಕಳಿಸ್ಬೇಡಿ."

"ಬಸ್ಸಿನಲ್ಲಿ ಹೋಗುವಾಗ ಹೇಳಿಕೊಳ್ಳಿ" ಅಂದರು ಫಾದರ್.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಹೆದರಿಕೆ ಇತ್ತು, ಅದರ ಜೊತೆಗೇ ಹೊರೆ ಇಳಿಸಿದ ಸುಖವೂ ಇತ್ತು. ದೇವರು ತನ್ನನ್ನು ಹೊರಗೆ ಹಾಕಲಿಲ್ಲ, ಹನ್ನೊಂದು ವರ್ಷ ಬೆನ್ನು ತಿರುಗಿಸಿ ಕೂತವಳಿಗಾಗಿ ಕಾದಿದ್ದ. ಈ ಋಣ ತೀರಿಸುವಂಥದ್ದಲ್ಲ ಅನ್ನಿಸಿತು.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ನಾಲ್ಕು ದಿನ ಇರುವಾಗ ಕಟ್ಟೆಮಳಲವಾಡಿಗೆ ಹೋದಳು. ಬಸ್ಸಿನಲ್ಲಿ ಜಪಸರ ಹಿಡಿದಳೇ ಹೊರತು ಒಂದು ಮಣಿಯೂ ಮುಂದಕ್ಕೆ ಹೋಗಲಿಲ್ಲ. ಹುಚ್ಚಯ್ಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. "ಏನ್ ಲೂದಮ್ಮ ಈ ಕಡೀಕೆ?" ಅಂದ. ಭದ್ರಮ್ಮ ಚೊಂಬಿನಲ್ಲಿ ನೀರು ತಂದಳು. ಲೂರ್ದಮ್ಮ ಕೂರಲಿಲ್ಲ.

"ಅಣ್ಣ, ಅವತ್ತು ಬ್ಯಾರನ್ ಸುಟ್ಟಿದ್ದು ನಿನ್ ಉರಿಯಿಂದಲ್ಲ, ನನ್ ಗಂಟಿಂದ. ಕೆಳಸಾಲು ನಂದು. ಗುಡಿಗೋಗೋ ಆತ್ರಕ್ಕೆ ಒಂದೇ ಸುತ್ತು ಹಾಕಿದ್ದೆ. ಗೊತ್ತಿದ್ದೂ ಸುಮ್ಕಿದ್ದೆ. ಊರು ನಿನ್ನ ಬಯ್ಯಾಗ್ಲೂ ಸುಮ್ಕಿದ್ದೆ."

ಭದ್ರಮ್ಮ ಚೊಂಬನ್ನು ಕುಕ್ಕಿದಳು. "ಅಡಿಕೆಗೋದ ಮಾನ ಆನೆ ಕೊಟ್ರೂ ಬರಕಿಲ್ಲ ಅಂತಾರೆ. ಒಂದ್ ಸುತ್ತು ದಾರಕ್ಕೆ ನಮ್ ಮಾನ ಕಳುದ್ಯಲ್ಲೇ! ಸಾಲ್ದು ಅಂತ ಬದ್ನೆಕಾಯಿ ಬೇರೆ ಕೊಟ್ನಲ್ಲೇ ನಿಂಗೆ!" ಅವಳ ಬೈಗುಳ ಬೀದಿಯ ಕೊನೆಯವರೆಗೂ ಕೇಳಿಸಿತು. ಲೂರ್ದಮ್ಮ ತಲೆ ತಗ್ಗಿಸಿ ನಿಂತಿದ್ದಳು.

ಹುಚ್ಚಯ್ಯನ ಕೈ ಹಗ್ಗದಲ್ಲೇ ನಿಂತಿತ್ತು. "ನಾನಲ್ವಾ?" ಅಂದ.

"ನೀನಲ್ಲ ಕಣಣ್ಣ."

"ನಾನಲ್ವಾ?" ಇನ್ನೊಮ್ಮೆ ಕೇಳಿ, ಹಗ್ಗ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಭದ್ರಮ್ಮ ಬೈಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಬಚ್ಚಲ ಕಡೆಯಿಂದ ಹೊಗೆ ಬಂತು. ಅವಳು ಬಾಯಿ ಮುಚ್ಚಿ ಅತ್ತ ಓಡಿದಳು. ಹುಚ್ಚಯ್ಯ ನೀರೊಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತೆಂಗಿನ ಗರಿ ಮುರಿದು ಹಾಕುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆಗೆ ಅಂತ ಯಾರೂ ಹೇಳುವಂತಿರಲಿಲ್ಲ.

ಆಮೇಲೆ ಹೊರಗೆ ಬಂದು ಹೇಳಿದ: "ನಂಗ್ ಸಿಟ್ಟು ಬಂದದೆ ಕಣವ್ವ. ಬಂದಿಲ್ಲ ಅಂದ್ರೆ ಸುಳ್ಳಾಯ್ತದೆ. ಓಗು, ಈ ಮಾತ ಊರಲ್ಲೂ ಯೋಳು."

ಪಾಸ್ಕದ ಹಿಂದಿನ ದಿನ ಉಮಾಶಂಕರ ಗೌಡರ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಲು ಹತ್ತು ಹನ್ನೆರಡು ಹೆಂಗಸರು ಸೇರಿದ್ದರು, ಗೌಡರೂ ಇದ್ದರು. ಲೂರ್ದಮ್ಮ ಕೊಡ ಕೆಳಗಿಟ್ಟು ಎಲ್ಲ ಹೇಳಿದಳು. ಯಾರೋ ಕಿಸಕ್ಕನೆ ನಕ್ಕರು, ಯಾರೋ ಥೂ ಅಂದರು. ಗೌಡರು, "ಅಂಗಾರೆ ನಾನೂ ಆ ಹುಚ್ಚಯ್ಯನ್ನ ಸುಮ್‌ಸುಮ್ನೆ ಓಡಿಸ್ದಂಗಾಯ್ತು" ಅಂದು ಬೈಕ್ ಹತ್ತಿ ಹೋದರು. ಮರುದಿನ ಲೂರ್ದಮ್ಮ ರೊಟ್ಟಿ ಮುಟ್ಟದೆ ಗುಡಿಗೆ ಹೋದಳು. ಪ್ರಸಾದದ ಸಾಲಿನಲ್ಲಿ ಅವಳನ್ನು ಕಂಡು ಪಕ್ಕದವಳು ಹುಬ್ಬೇರಿಸಿದಳು. ಪರಮಪ್ರಸಾದ ತೆಗೆದುಕೊಂಡು ಬೆಂಚಿಗೆ ಮರಳಿದ ಲೂರ್ದಮ್ಮ ಆ ಪಕ್ಕದವಳ ಕೈ ಹಿಡಿದು ನಕ್ಕಳು.

ಆದರೆ ಊರು ಗುಡಿಯಲ್ಲವಲ್ಲ. ಆ ವರ್ಷ ಸೊಪ್ಪು ಮುರಿಯುವ ಕಾಲ ಬಂದಾಗ ಕಟ್ಟಲು ಅವಳನ್ನು ಯಾರೂ ಕರೆಯಲಿಲ್ಲ. ತನ್ನ ಪಾಲಿನದು ತನಗೆ ಬಂತು ಅಂದುಕೊಂಡು ಕಳೆ ಕೀಳುವ ಕೂಲಿಗೆ ಹೋದಳು, ಗೊಣಗಲಿಲ್ಲ. ಗೌಡರು ತಾವೇ ಕಟ್ಟೆಮಳಲವಾಡಿಗೆ ಹೋಗಿ ಹುಚ್ಚಯ್ಯನನ್ನು ಕರೆತಂದಿದ್ದಾರೆಂಬ ಸುದ್ದಿ ಕೇಳಿದ ದಿನ ಮಾತ್ರ ಮನೆಯಲ್ಲಿ ಪಾಯಸ ಮಾಡಿದಳು.

ಗೌಡರು ಆ ವರ್ಷದ ಮೊದಲ ಬ್ಯಾರನ್ ತುಂಬುವ ಬೆಳಗ್ಗೆ ಅವಳ ಬಾಗಿಲಲ್ಲಿ ಹುಚ್ಚಯ್ಯ ನಿಂತಿದ್ದ. ಹೆಗಲ ಮೇಲೆ ಟವಲು, ಮುಖದಲ್ಲಿ ಹಳೇ ಗತ್ತು.

"ನಡಿ ಲೂದಮ್ಮ. ಕೆಳಸಾಲು ನೀನೇ ಕಟ್ಬೇಕು."

"ನಾನಾ? ಗೌಡ್ರು ಒಪ್ಪಕಿಲ್ಲ ಕಣಣ್ಣ."

"ನೀ ಕಟ್ದಿದ್ರೆ ನಾನ್ ಒಲೆ ಹಚ್ಚಕಿಲ್ಲ ಅಂತ ಯೋಳಿ ಬಂದಿವ್ನಿ. ಬೇರೆಯೋರು ಹೆಂಗ್ ಕಟ್ಟಾರೋ ನಂಗೊತ್ತಿಲ್ಲ. ನೀ ಇನ್ಮೇಲೆ ಹೆಂಗ್ ಕಟ್ತೀಯ ಅಂತ ಗೊತ್ತು."

ಲೂರ್ದಮ್ಮ ಆ ದಿನ ಎರಡರ ಬದಲು ಮೂರು ಸುತ್ತು ಹಾಕಿದಳು. ಪ್ರತಿ ಕೋಲಿನ ತುದಿಗೂ ಕೆಂಪು ದಾರ ಕಟ್ಟಿದಳು. ನಾಲ್ಕನೆಯ ದಿನ, ಕಾವು ಏರಿಸುವ ಹೊತ್ತಿನಲ್ಲಿ, ಮನೆಯಲ್ಲಿ ಕೂರಲಾರದೆ ಬ್ಯಾರನ್ ಹತ್ತಿರ ಬಂದಳು. ಹುಚ್ಚಯ್ಯ ಕಿಂಡಿಯಲ್ಲಿ ಒಳಗೆ ನೋಡಿದ, ಒಲೆಗೆ ಎರಡು ಕೊರಡು ತಳ್ಳಿದ, ಟವಲು ಕೊಡವಿಕೊಂಡು ಎದ್ದ.

"ಟೀ ಕುಡ್ದು ಬತ್ತೀನಿ. ಒಸಿ ನೋಡ್ಕಂಡಿರವ್ವ" ಅಂದು, ಹಿಂತಿರುಗಿಯೂ ನೋಡದೆ ಅಂಗಡಿಯ ಕಡೆ ನಡೆದ. ಲೂರ್ದಮ್ಮ ಅವನು ಕೂತಿದ್ದ ಕಲ್ಲಿನ ಮೇಲೆ ಕೂತು, ಶಿಲುಬೆಯ ಗುರುತು ಹಾಕಿಕೊಂಡು, ಅವನು ಬರುವವರೆಗೂ ಒಲೆ ನೋಡಿಕೊಂಡಳು.