ಲೀಲಾಳ ಹೇಳಿಕೆ

ಲೀಲಾ, ಆ ದಿನ ನೀನು ಕನ್ನಡದಲ್ಲಿ ಹೇಳಿದ್ದನ್ನು ನಾನು ಮಲಯಾಳದಲ್ಲಿ ಹೇಳಲಿಲ್ಲ. ಬೇರೆಯೇ ಹೇಳಿದೆ. ನಿನ್ನ ಕೆಲಸ ಕಳೆದವಳು ನಾನು — ಇಷ್ಟು ವರ್ಷ ನೀನು ಬೈಯುತ್ತ ಬಂದ ಆ ಲೇಬರ್ ಆಫೀಸರ್ ಅಲ್ಲ.

ಒಂಬತ್ತು ವರ್ಷವಾಯಿತು. ಬಂದ್ಯೋಡಿನ ಆ ಬಟ್ಟೆ ಅಂಗಡಿಯ ಸೀರೆ ವಿಭಾಗದಲ್ಲಿ ನಾವು ಆರು ಹೆಂಗಸರು. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಸಂಜೆ ಏಳೂವರೆಯವರೆಗೂ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಗೋಡೆಗೆ ಒರಗುವಂತಿಲ್ಲ. ತಲೆಯ ಮೇಲೆ ಕ್ಯಾಮರಾ. ಒರಗಿದವಳ ಹೆಸರನ್ನು ಮ್ಯಾನೇಜರ್ ಮೈಕಿನಲ್ಲಿ ಕೂಗುತ್ತಿದ್ದ. ದೂರು ಬರೆಯುವ ಧೈರ್ಯ ಮಾಡಿದವಳು ನೀನೊಬ್ಬಳೇ — ನೆಕ್ರಾಜೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದವಳು, ನಮ್ಮೆಲ್ಲರಿಗಿಂತ ಚಿಕ್ಕವಳು.

ವಿಚಾರಣೆಗೆ ಬಂದ ಅಧಿಕಾರಿ ತಿರುವನಂತಪುರದ ಕಡೆಯವರು, ಕನ್ನಡ ಬಾರದು. ನಿನ್ನ ಮಲಯಾಳ ಸೀರೆಯ ಬೆಲೆ ಹೇಳಲು ಸಾಕಾಗುವಷ್ಟೇ. ನಾನು ನೀಲೇಶ್ವರದಲ್ಲಿ ಮಲಯಾಳದಲ್ಲೇ ಓದಿದವಳು. ಅನುವಾದಕ್ಕೆ ನನ್ನನ್ನೇ ಕರೆದರು. ಅದಕ್ಕೆ ಮೊದಲು ಮ್ಯಾನೇಜರ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದ:

"ಶಾರದಾ, ನಿನಗೆ ಗಂಡನ ಮನೆಗೆ ವಾಪಸ್ ಹೋಗ್ಲಿಕ್ಕೆ ಮನಸ್ಸು ಉಂಟಾ?"

ಅಷ್ಟೇ. ಆ ಮನೆಯ ಹೊಡೆತ ತಾಳಲಾರದೆ ಬಂದವಳು ನಾನು. ಈ ಸಂಬಳದಲ್ಲಿ ಹಿಡಿದ ಬಾಡಿಗೆಯ ಒಂದು ಕೋಣೆ, ಒಳಗಿನಿಂದ ನಾನೇ ಹಾಕಿಕೊಳ್ಳಬಹುದಾದ ಚಿಲಕ — ಅದನ್ನೇ ಸ್ವಾತಂತ್ರ್ಯ ಎಂದುಕೊಂಡಿದ್ದೆ. ಅದರ ಉದ್ದಗಲ ನನಗಿಂತ ಆ ಮ್ಯಾನೇಜರಿಗೇ ಚೆನ್ನಾಗಿ ಗೊತ್ತಿತ್ತು.

ನೀನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ. "ಇಡೀ ದಿನ ಕೂತ್ಕೊಳ್ಳಲಿಕ್ಕೆ ಇಲ್ಲ. ಬಾತ್‌ರೂಮಿಗೆ ಹೋಗ್ಲಿಕ್ಕೆ ಸಹ ಕೇಳಬೇಕು ಅಂತ ನಾವು ನೀರೇ ಕುಡಿಯುವುದಿಲ್ಲ. ನನಗೆ ಎರಡು ಸಲ ಉರಿಮೂತ್ರ ಆಗಿ ಆಸ್ಪತ್ರೆಗೆ ಹೋದದ್ದು ಉಂಟು. ಗಂಡಸರಿಗೆ ಚಾ ಕುಡಿಯಲಿಕ್ಕೆ ಸ್ಟೂಲು ಉಂಟು, ನಮಗೆ ಎಂತಕ್ಕೆ ಇಲ್ಲ? ಹೇಳಿ ಶಾರದಕ್ಕ ಅವರಿಗೆ."

ಗಾಜಿನ ಬಾಗಿಲಿನಾಚೆ ಮ್ಯಾನೇಜರ್ ನಿಂತಿದ್ದ. ಆಫೀಸಿನ ಮಲಯಾಳದಲ್ಲಿ, ಬೇಗಬೇಗ — ನಿನಗೆ ತಿಳಿಯದಿರಲಿ ಎಂದೇ — ಹೇಳಿದೆ: ರಜೆ ಸಿಗದ ಸಿಟ್ಟಿನಲ್ಲಿ ದೂರು ಬರೆದಳಂತೆ, ಇಲ್ಲಿ ಯಾವ ತೊಂದರೆಯೂ ಇಲ್ಲವಂತೆ. ಅಧಿಕಾರಿ ಪೆನ್ನು ನಿಲ್ಲಿಸಿ ನನ್ನನ್ನು ನೋಡಿ, ಖಚಿತವೇ ಎಂದು ಕೇಳಿದರು. ಹೌದೆಂದೆ. ನೀನು ನನ್ನ ಮುಖವನ್ನೇ ನೋಡುತ್ತ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದೆ. ನಿನಗೆ ಓದಲು ಬಾರದ ಆ ಮಲಯಾಳ ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.

ಸುಳ್ಳು ದೂರು ಕೊಟ್ಟವಳೆಂದು ಹತ್ತೇ ದಿನದಲ್ಲಿ ನಿನ್ನನ್ನು ಕೆಲಸದಿಂದ ತೆಗೆದರು. ಬಸ್‌ಸ್ಟಾಪಿನಲ್ಲಿ ನೀನು ನನ್ನ ಕೈ ಹಿಡಿದು, "ನೀವಾದರೂ ನನ್ನ ಪರ ಮಾತಾಡಿದಿರಲ್ಲ ಅಕ್ಕ, ಅದು ಸಾಕು" ಅಂದೆ. ಆಗಲೇ ಹೇಳಬಹುದಿತ್ತು — ಹೇಳಲಿಲ್ಲ. ಮರುತಿಂಗಳು ನನ್ನನ್ನು ಸೂಪರ್‌ವೈಸರ್ ಮಾಡಿದರು. ಬೇಡ ಎನ್ನಲಿಲ್ಲ. ಮುಂದೆ ಕೆಲಸದವರಿಗೆ ಕೂರಲು ಕೊಡಬೇಕೆಂಬ ಕಾನೂನು ಬಂದು ಅಂಗಡಿಗೆ ಕುರ್ಚಿಗಳೂ ಬಂದವು. ಕುಳಿತೆ.

ಕಳೆದ ಭಾನುವಾರ ನೀನು ಒಂದು ಲಕೋಟೆ ಹಿಡಿದುಕೊಂಡು ಬಂದೆ. ಅಂಗಡಿ ಕೆಲಸದ ಹುಡುಗಿಯರು ಸಂಘ ಕಟ್ಟುತ್ತಿದ್ದಾರೆ, ನಿನ್ನನ್ನು ಮಾತಾಡಲು ಕರೆದಿದ್ದಾರೆ ಎಂದೆ. ನಿನ್ನ ಹಳೆಯ ಹೇಳಿಕೆಯ ನಕಲನ್ನು ನೀನೇ ಲೇಬರ್ ಆಫೀಸಿನಿಂದ ತೆಗೆಸಿ ತಂದಿದ್ದೆ. "ಅಂದು ನಾನು ಹೇಳಿದ್ದು ಎಲ್ಲ ಇದರಲ್ಲಿ ಉಂಟಲ್ಲ, ಕನ್ನಡಕ್ಕೆ ಮಾಡಿಕೊಡಿ ಅಕ್ಕ. ಮೀಟಿಂಗಿನಲ್ಲಿ ಓದ್ತೇನೆ."

ಅಂದಿನಿಂದ ಗೇಟಿನ ಸದ್ದಾದರೂ ಆ ಲಕೋಟೆಯನ್ನು ಬಚ್ಚಿಡುತ್ತೇನೆ. ತಪ್ಪಿಸಿಕೊಳ್ಳಲು ದಾರಿಯೂ ಇತ್ತು. ನೀನು ನಿಜವಾಗಿ ಹೇಳಿದ್ದನ್ನೇ ಬರೆದು, ಕಾಗದದಲ್ಲಿ ಇದೇ ಇದೆ ಎನ್ನಬಹುದಿತ್ತು. ನೀನು ಓದುತ್ತಿದ್ದೆ, ಅವರು ಚಪ್ಪಾಳೆ ತಟ್ಟುತ್ತಿದ್ದರು. ಬರೆದೂ ಬಿಟ್ಟಿದ್ದೆ — ಅರ್ಧ ಪುಟ. ಹರಿದು ಹಾಕಿದೆ.

ಈ ಪತ್ರದ ಜೊತೆ ಆ ಹೇಳಿಕೆಯ ಸರಿಯಾದ ಅನುವಾದ ಇದೆ. ನಿನ್ನ ಸಹಿಯ ಮೇಲಿರುವುದೆಲ್ಲ ನನ್ನ ಮಾತು. ಮೀಟಿಂಗಿನಲ್ಲಿ ಓದುವುದಾದರೆ ನನ್ನ ಹೆಸರು ಹೇಳಿಯೇ ಓದು. ನಾನು ಬಂದು ಹಿಂದಿನ ಸಾಲಿನಲ್ಲಿ ಇರುತ್ತೇನೆ, ಭಯವಾದರೂ ಎದ್ದು ಹೋಗುವುದಿಲ್ಲ. ಆದರೆ ಈ ಅನುವಾದವನ್ನೂ ನಂಬಬೇಡ ಲೀಲಾ. ಮಲಯಾಳ ಬಲ್ಲ ಬೇರೆ ಯಾರಿಂದಾದರೂ ಒಮ್ಮೆ ಓದಿಸಿ ನೋಡು.