ಗೋಡೆಯ ಮೇಲಿನ ಪಾತ್ರ

ನನ್ನ ಭಾವಚಿತ್ರಕ್ಕೆ ಹಾಕಿರುವ ಗಂಧದ ಹಾರ ಕೆಲವು ದಿನಗಳಿಂದ ಎಡಕ್ಕೆ ವಾಲಿಕೊಂಡಿದೆ. ಅದನ್ನು ಸರಿಪಡಿಸುವ ಅಧಿಕಾರ ಮಾತ್ರ ನನಗಿಲ್ಲ. ಗಾಬರಿಯಾಗಬೇಡಿ, ಇದನ್ನು ಬರೆಯುತ್ತಿರುವವನು ಪರಲೋಕವಾಸಿಯಲ್ಲ, ಶಿವಮೊಗ್ಗದ ಆಲ್ಕೊಳದ ನಿವಾಸಿ. ಟಿವಿ ಧಾರಾವಾಹಿಯೊಂದರಲ್ಲಿ ಮನೆಯ ಯಜಮಾನನಾಗಿ ಕೆಲವು ತಿಂಗಳು ಬದುಕಿ, ಹೃದಯಾಘಾತದಿಂದ ತೀರಿಕೊಂಡು, ಆಮೇಲೆ ಅದೇ ಮನೆಯ ಗೋಡೆಯ ಮೇಲೆ ಫೋಟೋ ಆಗಿ ಮುಂದುವರಿದಿರುವ ನಟ ನಾನು. ಸೊಸೆಯಂದಿರ ರೋದನ, ಒಳಸಂಚು, ಪಶ್ಚಾತ್ತಾಪಗಳೆಲ್ಲ ನನ್ನ ಸಮ್ಮುಖದಲ್ಲೇ ನಡೆಯುವುದರಿಂದ, ಬದುಕಿದ್ದಾಗ ಸಿಗದಷ್ಟು ಕ್ಲೋಸಪ್ ಸತ್ತ ಮೇಲೆ ಸಿಗುತ್ತಿದೆ.

ಸಾಯುವ ದೃಶ್ಯಕ್ಕಾಗಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸೋಫಾದ ಮೇಲೆ ಉಸಿರು ಬಿಗಿಹಿಡಿದು ಅಭ್ಯಾಸ ಮಾಡುತ್ತಿದ್ದವನನ್ನು ಕಂಡು ನನ್ನ ಹೆಂಡತಿ ಗಿರಿಜೆ ಪಕ್ಕದ ಮನೆಯವರನ್ನೇ ಕೂಗಿದ್ದಳು. ಹೋದ ತಿಂಗಳು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಹಣ್ಣಿನಂಗಡಿಯ ಬಾಷಾ ಸಾಹೇಬರು ಕಿತ್ತಳೆ ತೂಗುವುದನ್ನು ನಿಲ್ಲಿಸಿ, "ಅರೆ, ನೀವಾ ಸಾರ್! ನಮ್ಮನೇಲಿ ಎಲ್ರೂ ಅತ್ತುಬಿಟ್ರು" ಎಂದಾಗ ಒಳಗೊಳಗೇ ಹಿಗ್ಗಿದೆ. ಸಾಯುವ ಸೀನಿಗೆ ತಾನೇ ಎಂದು ಕೇಳಿದೆ.

"ಅವತ್ತು ಕರೆಂಟ್ ಹೋಗಿತ್ತು ಸಾರ್. ಫೋಟೋ ನೇತಾಕಿದ್ರಲ್ಲ, ಆವಾಗ."

ಕಿತ್ತಳೆಯ ದುಡ್ಡು ಕೊಟ್ಟು ಹೊರಟೆ. ನಾನು ಏನೂ ಮಾಡದೆ ಇದ್ದದ್ದಕ್ಕೆ ಜನ ಅತ್ತರೆಂದ ಮೇಲೆ ಇಷ್ಟು ವರ್ಷ ಬಣ್ಣ ಹಚ್ಚಿ ಮಾಡಿದ್ದೇನು? ನನಗೆ ಇನ್ನೂ ನಟಿಸಲು ಬರುತ್ತದೆಯೇ? ಶಿವಮೊಗ್ಗದ ಬಸ್ಸಿನಲ್ಲಿ ಕೂತರೂ ಅದೇ ಚಿಂತೆ.

ಆ ಭಯಕ್ಕೇ ಇರಬೇಕು, ನಮ್ಮೂರಿನ ಹವ್ಯಾಸಿ ತಂಡವೊಂದು ನಾಟಕಕ್ಕೆ ಕರೆದಾಗ ತಕ್ಷಣ ಒಪ್ಪಿಕೊಂಡೆ. ಮಗಳ ಮನೆಗೆ ಕ್ಷಮೆ ಕೇಳಲು ಬರುವ ಅಪ್ಪನ ಪಾತ್ರ. ಆದರೆ ಧಾರಾವಾಹಿಯಲ್ಲಿ ಬಾಯಿಪಾಠದ ಗೋಜಿರಲಿಲ್ಲ. ಕ್ಯಾಮೆರಾದ ಹಿಂದಿನಿಂದ ಒಬ್ಬರು ಮಾತು ಓದಿ ಹೇಳುತ್ತಿದ್ದರು, ನಾವು ಕೇಳಿಸಿಕೊಂಡು ಭಾವ ಬೆರೆಸಿ ಒಪ್ಪಿಸುತ್ತಿದ್ದೆವು. ಈ ಪರಾವಲಂಬನೆ ಎಷ್ಟು ಮೈಗೂಡಿತ್ತೆಂದರೆ, ತಾಲೀಮಿನಲ್ಲಿ ಪ್ರತಿ ಮಾತಿಗೂ ಕಿವಿ ನಿಮಿರಿಸಿಕೊಂಡು ಕಾಯುತ್ತ ನಿಂತುಬಿಡುತ್ತಿದ್ದೆ. ನಿರ್ದೇಶಕಿ ಶಾಲಿನಿ ಕೊನೆಗೆ, "ಇಲ್ಲಿ ಯಾರೂ ಹೇಳ್ಕೊಡಲ್ಲ ಸಾರ್, ಮಾತು ನಿಮ್ಮ ಹತ್ರಾನೇ ಇದೆ" ಎಂದರು ನಯವಾಗಿ. ಇದೆಯೇ? ಸ್ನಾನದ ಮನೆಯಲ್ಲಿ, ಹಾಲಿನ ಅಂಗಡಿಯೆದುರು, ಎಲ್ಲೆಂದರಲ್ಲಿ ಗೊಣಗತೊಡಗಿದೆ.

"ಯಾಕ್ರೀ ಬೇಕಿತ್ತು ನಿಮಗೆ ಇದೆಲ್ಲ? ಗೋಡೆ ಮೇಲೆ ಆರಾಮಾಗಿದ್ರಿ" ಎಂದು ಗಿರಿಜೆ ಛೇಡಿಸಿದಳು. ನಿಜವೇ. ಫೋಟೋಗೆ ಮರೆವಿನ ಭಯವಿಲ್ಲ. ನನಗೆ ಮಾತ್ರ ಊಟ ಸೇರದಾಯಿತು.

ನಿನ್ನೆ ಸಂಜೆ ಶಿವಮೊಗ್ಗದಲ್ಲಿ ಮೊದಲ ಪ್ರಯೋಗ. ಮಗಳ ಪಾತ್ರದ ಹುಡುಗಿ ಬಾಗಿಲು ತೆರೆದಳು. "ತಪ್ಪಾಯ್ತಮ್ಮ" ಎನ್ನಬೇಕಿದ್ದವನು ಮಾತೇ ಮರೆತು ನಿಂತೆ. ಹಾಳು ಅಭ್ಯಾಸ, ಯಾರಾದರೂ ಹೇಳಿಕೊಟ್ಟಾರೆಂದು ಕಾದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮುಗಿಯಿತು ನನ್ನ ಕಥೆ ಅಂದುಕೊಳ್ಳುವಷ್ಟರಲ್ಲಿ ಆ ಹುಡುಗಿಯ ಕಣ್ಣು ಕಂಡಿತು: ಪಾಪ, ನನಗಿಂತ ಹೆಚ್ಚು ಹೆದರಿದ್ದಳು. ಅವಳನ್ನು ಆ ಸಂಕಟಕ್ಕೆ ನೂಕಿದವನು ನಾನೇ ಅನ್ನಿಸಿ ಕರುಳು ಚುರುಕ್ಕೆಂದಿತು. "ತಪ್ಪಾಯ್ತಮ್ಮ" ಎಂದೆ. ಅದು ನಾಟಕದ ಮಾತೆಂಬುದು ಆಮೇಲೆ ಹೊಳೆಯಿತು.

"ಆ ಮೌನ ಅದ್ಭುತ ಸಾರ್, ನಾಳೆ ಭದ್ರಾವತೀಲೂ ಹಾಗೇ ಇರಲಿ" ಎಂದರು ಶಾಲಿನಿ. ಆಟೋದಲ್ಲಿ ಗಿರಿಜೆ ಮೆಲ್ಲಗೆ, "ಮರೆತಿದ್ರಿ ಅಲ್ವಾ?" ಎಂದಳು.

ಮರೆತದ್ದನ್ನು ಇವತ್ತು ನೆನಪಿಟ್ಟುಕೊಂಡು ಮರೆಯುವುದು ಹೇಗೆ? ನಿಜವಾಗಿಯೂ ಮರೆತುಬಿಟ್ಟರೇನು ಗತಿ? ಬೆಳಿಗ್ಗೆ ತಿಂಡಿ ಬೇಡವೆಂದೆ. ಗಿರಿಜೆ ತಟ್ಟೆ ಮುಚ್ಚಿಟ್ಟಳು.

"ನಡೀರಿ ಹೊರಗೆ. ನಾನು ಮಗಳು, ಬಾಗಿಲು ತೆಗೀತೀನಿ" ಎಂದು ನನ್ನನ್ನು ಹೊರಗಟ್ಟಿ ಚಿಲಕ ಹಾಕಿಕೊಂಡಳು.

ನನ್ನದೇ ಮನೆಯ ಬಾಗಿಲು ತಟ್ಟಿದೆ.