ಹೊರಗಿನ ಒಲೆಯ ಮೀಲ್ ಮೇಕರ್

ಮೊನ್ನೆ ಮಗಳು ಫೋನಿನಲ್ಲಿ ಗದರಿಸಿದಳು. "ಅಮ್ಮಾ, ಸೋಯಾ ಎಲ್ಲ ಸ್ಟಾಪ್ ಮಾಡು. ನಿಂಗೆ ಥೈರಾಯ್ಡ್ ಇದೆ. ಅದು ಒಳ್ಳೇದಲ್ಲ ಅಂತ ಎಲ್ಲಾ ಕಡೆ ಬರ್ತಿದೆ." ನಾನು ನನ್ನ ಡಾಕ್ಟರನ್ನು ಕೇಳಿದೆ. ಬೆಳಗಿನ ಮಾತ್ರೆಗೂ ಸೋಯಾಕ್ಕೂ ನಡುವೆ ಒಳ್ಳೆಯ ಗ್ಯಾಪ್ ಇರಲಿ, ಅಷ್ಟು ಸಾಕು ಎಂದರು. ಗ್ಯಾಪ್ ಇಟ್ಟಿದ್ದೇನೆ. ಸೋಯಾ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಈ ವಯಸ್ಸಿನಲ್ಲಿ ಇಷ್ಟೊಂದು ಹಟ ಯಾಕೆ ಎಂದು ಮಗಳು ಕೇಳುತ್ತಾಳೆ. ಅವಳು ಆಗ ಮಡಿಲ ಕೂಸು, ಅವಳಿಗೇನು ಗೊತ್ತು.

ಸೋಯಾ ತಿನ್ನಬೇಡ ಎಂದು ನನಗೆ ಮೊದಲು ಹೇಳಿದ್ದು ಇಂಟರ್ನೆಟ್ ಅಲ್ಲ, ನನ್ನ ಅತ್ತೆ. ಎಂಬತ್ತರ ದಶಕದ ನಡುವಿನ ಮಾತು. ತಮಿಳುನಾಡಿನ ಕೊಯಮತ್ತೂರು ಕಡೆಯ ಕರುಮತ್ತಂಪಟ್ಟಿಯ ಹತ್ತಿರ, ಕನ್ನಡ ಮಾತಾಡುವ ನೇಕಾರರದೇ ಒಂದು ಬೀದಿ. ಮುಂದೆ ಮನೆ, ಹಿಂದೆ ಪವರ್‌ಲೂಮ್ ಶೆಡ್. ಹಗಲಿಡೀ ಮಗ್ಗದ ಸದ್ದು. ಕರೆಂಟು ಹೋದರೆ ಮಾತ್ರ ಬೀದಿಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ನಾನು ಕೊಯಮತ್ತೂರು ಟೌನಿನ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಕ್ಲಾಸಿನಲ್ಲಿ ಇಂಗ್ಲಿಷ್. ಕನ್ನಡ ಅಕ್ಷರ ಕಲಿತದ್ದು ಮೈಸೂರಿನ ಅಜ್ಜನ ಮನೆಯಲ್ಲಿ, ಬೇಸಿಗೆ ರಜೆಗಳಲ್ಲಿ. ನಮ್ಮ ಬೀದಿಯಲ್ಲಿ ಆ ಅಕ್ಷರ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಅದರಿಂದ ನನಗೆ ಯಾವ ಮರ್ಯಾದೆಯೂ ಹೆಚ್ಚಾಗಲಿಲ್ಲ ಎನ್ನುವುದು ಬೇರೆ ಮಾತು.

ಕಾನ್ವೆಂಟಿನಲ್ಲಿ ಡೊಮೆಸ್ಟಿಕ್ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ತಟ್ಟೆಯಲ್ಲಿ ಬೇಳೆ ಬಿಟ್ಟರೆ "ಗರ್ಲ್ಸ್, ಯುವರ್ ದಾಲ್ ಈಸ್ ವೇಟಿಂಗ್" ಎಂದು ಮೆಲ್ಲಗೆ ಹೇಳುವರು, ತಟ್ಟೆ ಖಾಲಿಯಾಗುವವರೆಗೂ ಅಲ್ಲೇ ನಿಲ್ಲುವರು. ಈಗಲೂ ಒಮ್ಮೊಮ್ಮೆ ಊಟಕ್ಕೆ ಕೂತಾಗ ಅವರ ಬಿಳಿ ಉಡುಪಿನ ಅಂಚು ಕಣ್ಣಂಚಿನಲ್ಲಿ ಸರಿದಂತಾಗುತ್ತದೆ. ಆ ಉದ್ದನೆಯ ಊಟದ ಹಾಲ್, ಅಗಲ ಕಿಟಕಿ, ಆ ಹುಡುಗಿಯರು. ಯಾರು ಎಲ್ಲಿದ್ದಾರೋ.

ಎರಡನೇ ಹೆರಿಗೆ ಆಗಿ ಕೆಲವು ತಿಂಗಳಾಗಿತ್ತು. ಮಗ್ಗದ ಲಾಳಿಗೆ ಹಾಕುವ ನೂಲಿನ ಕಡ್ಡಿಗಳನ್ನು ನಾವು 'ತಾರು' ಎನ್ನುತ್ತಿದ್ದೆವು. ಅದನ್ನು ಸುತ್ತುವುದು ಹೆಂಗಸರ ಕೆಲಸ. ಒಂದು ದಿನ ತಾರು ಸುತ್ತುತ್ತಾ ಕೂತವಳು ಹಾಗೇ ಪಕ್ಕಕ್ಕೆ ಉರುಳಿದೆ. ಕಣ್ಣು ಬಿಟ್ಟಾಗ ಅತ್ತೆ ನನ್ನ ಕೆನ್ನೆ ತಟ್ಟುತ್ತಿದ್ದರು, ಸೆರಗಿನ ತುಂಬ ನೂಲು ಸಿಕ್ಕುಬಿದ್ದಿತ್ತು. ಲೇಡಿ ಡಾಕ್ಟರು ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆ, ಮೈಯಲ್ಲಿ ಶಕ್ತಿಯೇ ಇಲ್ಲ, ಮೊಟ್ಟೆ ಮಾಂಸ ತಿನ್ನಿ ಎಂದರು. ನಾವು ತಿನ್ನುವವರಲ್ಲ ಎಂದೆ. ಹಾಗಾದರೆ ಈ ಕಬ್ಬಿಣದ ಮಾತ್ರೆ, ಸೊಪ್ಪು, ಬೇಳೆ, ಜೊತೆಗೆ ಮೀಲ್ ಮೇಕರ್ ತಿನ್ನಿ, ಪ್ರೋಟೀನ್ ಬೇಕೇ ಬೇಕು, ಕೂಸಿಗೆ ಹಾಲು ಕೊಡುತ್ತಿದ್ದೀರಿ ಎಂದು ಬರೆದುಕೊಟ್ಟರು.

ಸೋಯಾ ಹಿಟ್ಟಿನಿಂದ ಮಾಡಿದ ಒಣ ಉಂಡೆಗೆ ನಮ್ಮ ಕಡೆ ಮೀಲ್ ಮೇಕರ್ ಎಂದೇ ಹೆಸರು. ನನ್ನ ಗಂಡ ಕೊಯಮತ್ತೂರಿನಿಂದ ನೂಲಿನ ಮೂಟೆಯ ಜೊತೆ ಒಂದು ಪೊಟ್ಟಣ ತಂದರು. ಬಿಸಿನೀರಿಗೆ ಹಾಕಿದೆ. ಉಬ್ಬಿತು. ಹಿಂಡಿದೆ. ಅತ್ತೆ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇದೇನ್ ಕಣ್ಣು, ಕರಿ ತುಂಡು ಇದ್ದಂಗೆ ಇದೆ?"

ನಮ್ಮ ಕಡೆ ಕರಿ ಎಂದರೆ ಮಾಂಸ. ಕಣ್ಣು ಎನ್ನುವುದು ಅವರು ಮುದ್ದಿಗೂ ಬಳಸುವ ಮಾತು, ಜಗಳಕ್ಕೂ ಬಳಸುವ ಮಾತು.

"ಕರಿ ಅಲ್ಲ ಅತ್ತೆ, ಕಾಳಿಂದ ಮಾಡಿದ್ದು. ಸೋಯಾ ಅಂತ."

"ಯಾವ ಕಾಳು ಹಿಂಗೆ ನಾರು ನಾರಾಗಿ ಬರುತ್ತೆ? ಅವರೆ ಬರುತ್ತಾ? ತೊಗರಿ ಬರುತ್ತಾ?" ಒಂದು ತುಂಡು ಎತ್ತಿ ಮೂಸಿ ಹಾಗೇ ಇಟ್ಟರು. "ನಂಗೆ ಹಸಿ ಕರೀದು ಕವಿಚು ವಾಸ್ನೆ ಬರ್ತಿದೆ. ನನ್ನ ಒಲೆ ಮೇಲೆ ಬ್ಯಾಡ."

"ಡಾಕ್ಟರು ಹೇಳಿದ್ದಾರೆ."

"ಡಾಕ್ಟ್ರಮ್ಮ ಅಮ್ಮನ ಗುಡಿಗೆ ಅಡಿಗೆ ಮಾಡ್ತಾರಾ? ನಾನು ಮಾಡ್ಬೇಕು."

ಮಾತಿನ ಗಂಟು ಇದ್ದದ್ದು ಅಲ್ಲೇ. ಬೀದಿಯ ತುದಿಯಲ್ಲಿ ನಮ್ಮ ಕುಲದ ಅಮ್ಮನ ಪುಟ್ಟ ಗುಡಿ. ಮಾಂಸ ಬೇಯಿಸದ ಮನೆಗಳು ಸರದಿಯ ಮೇಲೆ ಒಂದೊಂದು ತಿಂಗಳು ನೈವೇದ್ಯ ಮಾಡಿ ಕಳಿಸಬೇಕು. ಅದಕ್ಕೆ 'ಮುರೈ' ಎನ್ನುವರು. ನಮ್ಮ ಮನೆಯ ಮುರೈ ಪುರಟ್ಟಾಸಿ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ, ನಮ್ಮ ಕಡೆಯ ಹಿಂಗಾರು ಮಳೆ ಶುರುವಾಗುವ ಮುಂಚೆ. ಮಾವ ತೀರಿಹೋದ ಮೇಲೆ ಅತ್ತೆಯನ್ನು ಮದುವೆಗೂ ಸೀಮಂತಕ್ಕೂ ಮುಂದೆ ಕರೆಯುವವರಿರಲಿಲ್ಲ. ಅವರು ತಲೆಯೆತ್ತಿ ಬೀದಿಯುದ್ದಕ್ಕೂ ನಡೆಯುತ್ತಿದ್ದದ್ದು ಆ ಒಂದು ತಿಂಗಳು, ಕೈಯಲ್ಲಿ ಹಿತ್ತಾಳೆ ಪಾತ್ರೆ ಹಿಡಿದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಿಡಲಿಲ್ಲ. ಉರುಳಿಬಿದ್ದದ್ದು ನನ್ನ ಮೈ.

ಶೆಡ್ಡಿನ ಹಿಂದೆ, ಬಾವಿಯ ಗೋಡೆಗೆ ಒತ್ತಿ ಒಂದು ಸೀಮೆಣ್ಣೆ ಸ್ಟವ್ ಇಟ್ಟುಕೊಂಡೆ. ಬೇರೆ ಪಾತ್ರೆ, ಬೇರೆ ಸೌಟು, ಬೇರೆ ತಟ್ಟೆ. ಈರುಳ್ಳಿ, ಸೋಂಪು, ಕೊಬ್ಬರಿ ಅರೆದು ಹಾಕಿ ಗೊಜ್ಜಿನಂತೆ ಮಾಡಿ ಅನ್ನಕ್ಕೆ ಕಲಸಿ ಅಲ್ಲೇ ನಿಂತು ತಿನ್ನುತ್ತಿದ್ದೆ. ರುಚಿ ಏನೂ ಗ್ರ್ಯಾಂಡ್ ಅಲ್ಲ. ಸ್ಪಂಜು ಅಗಿದಂತೆ. ಆದರೂ ಪ್ರತಿ ತುತ್ತನ್ನೂ ಪೂರ್ತಿ ತಿಂದೆ, ಸಿಸ್ಟರ್ ಪಕ್ಕದಲ್ಲೇ ನಿಂತಿದ್ದಾರೋ ಎನ್ನುವಂತೆ. ಗಂಡನಿಗೆ ನ್ಯಾಯ ಹೇಳಿ ಎಂದರೆ, "ನನ್ನ ಯಾಕೆ ನಡುವೆ ಎಳೀತೀರಿ, ಮಗ್ಗ ನಿಂತಿದೆ" ಎಂದು ಶೆಡ್ಡಿಗೆ ನುಗ್ಗುವರು. ಧೈರ್ಯ ಅವರ ಡಿಪಾರ್ಟ್‌ಮೆಂಟ್ ಅಲ್ಲ. ಪೊಟ್ಟಣ ತರುವುದನ್ನು ಮಾತ್ರ ಒಮ್ಮೆಯೂ ಮರೆಯಲಿಲ್ಲ. ಅದನ್ನೂ ಹೇಳಬೇಕು.

ಒಂದು ಸಂಜೆ ಅತ್ತೆ ಬಾವಿಕಟ್ಟೆಗೆ ಬಂದು ನಿಂತರು. "ಕಾಳು ಕಾಳು ಅಂತೀಯ. ಎಲ್ಲಿ, ಗಿಡದಲ್ಲಿ ಬಿಟ್ಟಿದ್ದನ್ನ ತೋರ್ಸು ನೋಡೋಣ."

"ತೋರಿಸ್ತೀನಿ" ಎಂದೆ.

ಟೌನಿನ ಬೀಜದ ಅಂಗಡಿಯಿಂದ ಒಂದು ಹಿಡಿ ಸೋಯಾ ಬೀಜ ತರಿಸಿದೆ. ಬಚ್ಚಲ ನೀರು ಹರಿಯುವ ಕಡೆ ಮಣ್ಣು ಕೆದಕಿ ಬಿತ್ತಿದೆ. ಕಾನ್ವೆಂಟಿನವಳ ಬೇಸಾಯ ಎಂದು ತಾರು ಸುತ್ತಲು ಬರುವ ಹೆಂಗಸರೆಲ್ಲ ನಕ್ಕರು. ಬೀಜ ಮೊಳೆಯಿತು, ನಾನು ನೀರು ಹಾಕಲು ಮರೆತ ದಿನವೂ ಬುಡ ಒದ್ದೆಯಾಗಿರುತ್ತಿತ್ತು. ಅತ್ತೆಯ ತೌರು ಕಾರಮಡೈ ಕಡೆ, ಬಾಳೆ ಬೆಳೆಯುವವರು. ಬಾಡುವ ಗಿಡವನ್ನು ನೋಡಿಕೊಂಡು ಸುಮ್ಮನಿರಲು ಅವರ ಕೈಲಿ ಆಗುತ್ತಿರಲಿಲ್ಲ. ಆದರೆ ನಾನೆದುರಿದ್ದಾಗ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಗಿಡದ ತುಂಬ ರೋಮದಂಥ ತುಪ್ಪಳ ಹೊದ್ದ ಕಾಯಿ ಬಿಟ್ಟವು. ಅತ್ತೆ ಒಂದು ಕಾಯಿ ಕಿತ್ತು ಉಗುರಿನಿಂದ ಸೀಳಿ ಒಳಗಿನ ಹಸಿರು ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

"ಸರಿ, ಇದು ಕಾಳೇ. ನಾನೇ ಕಣ್ಣಾರೆ ನೋಡ್ದೆ."

"ಹಾಗಾದ್ರೆ ಒಪ್ಪಿದ್ರಾ?"

"ಕಾಳನ್ನ ಒಪ್ಪಿದೆ. ಆ ಉಂಡೆ ಗಿಡದಲ್ಲಿ ಬಿಟ್ಟಿದ್ದನ್ನ ನಾನು ಕಂಡಿಲ್ವಲ್ಲ."

ನಗು ಬಂತು, ಸಿಟ್ಟೂ ಬಂತು. ಅದೇ ಕಾಳಿನ ಹಿಟ್ಟಿನದೇ ಉಂಡೆ ಎಂದು ಎಷ್ಟು ವಾದಿಸಿದರೂ, ಮಿಲ್ಲಿನೊಳಗೆ ಏನೇನು ಸೇರಿಸ್ತಾರೋ ಯಾರು ನೋಡಿದ್ದಾರೆ ಎನ್ನುವುದೊಂದೇ ಮಾತು. ಇವತ್ತು ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುವಾಗ, ಆ ಮಾತು ಅಷ್ಟೇನೂ ನಾನ್ಸೆನ್ಸ್ ಅಲ್ಲ ಅನ್ನಿಸುತ್ತದೆ. ಆವತ್ತು ಹಾಗನ್ನಿಸಲಿಲ್ಲ. ನನ್ನ ಸ್ಟವ್ ಹೊರಗೇ ಉಳಿಯಿತು.

ನಮ್ಮ ಬೀದಿಯ ಒಂದು ಅಭ್ಯಾಸ ಹೇಳಬೇಕು. ಎಲ್ಲರ ಮನೆಯ ನೀರೂ ಒಂದೇ ತೆರೆದ ಚರಂಡಿಗೆ. ಯಾರ ಮನೆಯಲ್ಲಿ ಯಾವ ಬಣ್ಣದ ನೂಲು ತೊಳೆದರು, ಯಾರು ಗಂಜಿ ಕಾಯಿಸಿದರು, ಯಾರ ಮನೆಗೆ ನೆಂಟರು ಬಂದು ಅಕ್ಕಿ ಹೆಚ್ಚು ತೊಳೆದರು, ಎಲ್ಲವನ್ನೂ ಜಗಲಿಯ ಮೇಲೆ ಕೂತ ಹೆಂಗಸರು ಚರಂಡಿ ನೋಡಿಯೇ ಹೇಳುವರು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಒಂದೇ ಸಲ.

ಪುರಟ್ಟಾಸಿ ಹತ್ತಿರ ಬಂದಿತ್ತು. ಟವೆಲ್ಲಿನ ಅಂಚಿಗೆಂದು ಬಂದ ಕೆಂಪು ನೂಲಿನ ಲಡಿಗಳು ಬಣ್ಣ ಬಿಡುತ್ತಿದ್ದವು. ಅತ್ತೆ ಬಚ್ಚಲಲ್ಲಿ ಅವನ್ನು ಅಲುಬುತ್ತಿದ್ದರು. ಅದೇ ಹೊತ್ತಿಗೆ ನಾನು ಬಾವಿಯ ಬಳಿ ಮೀಲ್ ಮೇಕರ್ ಹಿಂಡಿ, ಆ ನೊರೆನೊರೆ ನೀರನ್ನು ಚೆಲ್ಲಿದೆ. ಎರಡೂ ನೀರು ಸೇರಿ ತೆಳುಗೆಂಪು ನೊರೆಯಾಗಿ ಬೀದಿಯುದ್ದ ಹರಿಯಿತು. ಮಾಂಸ ತೊಳೆದ ನೀರು ಹೇಗಿರುತ್ತದೋ ಹಾಗೇ.

ಮಧ್ಯಾಹ್ನ ಗುಡಿಯ ಬೀಗದಕೈ ಇಟ್ಟುಕೊಂಡಿದ್ದ ಮನೆಯ ದೊಡ್ಡಮ್ಮ ಬಂದರು. ಜಗಲಿಯ ಮೇಲೆ ಕೂತರು, ಕೊಟ್ಟ ನೀರು ಕುಡಿಯಲಿಲ್ಲ. ನೀರು ಕುಡಿಯದಿದ್ದರೆ ಏನರ್ಥ ಎಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತು.

"ಏನಕ್ಕಾ, ನಿನ್ನ ಮನೆ ಚರಂಡೀಲಿ ರಕ್ತದ ನೊರೆ ಹರೀತಂತೆ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಕೆಂಪಾದ ತಮ್ಮ ಎರಡೂ ಅಂಗೈ ತೋರಿಸಿದರು. ಹಗ್ಗದ ಮೇಲೆ ಒಣಗುತ್ತಿದ್ದ ಲಡಿಗಳನ್ನು ತೋರಿಸಿದರು. ದೊಡ್ಡಮ್ಮ ನೋಡಿದರು. "ಕೆಂಪು ಸರಿ. ನೊರೆ?" ಎಂದರು.

"ನೊರೆ ನಂದು" ಎಂದೆ ನಾನು. "ಮೀಲ್ ಮೇಕರ್ ಹಿಂಡಿದ ನೀರು."

"ಕರಿ ಇದ್ದಂಗೆ ಇರುತ್ತಂತೆ, ಕರಿ ಮಸಾಲೇನೇ ಹಾಕ್ತೀಯಂತೆ. ಯಾಕಮ್ಮಾ ಆ ಚಪಲ? ತಿನ್ನೋ ಆಸೆ ಇದ್ರೆ ನೇರವಾಗಿ ತಿಂದುಬಿಡು."

ಅತ್ತೆ ಕತ್ತೆತ್ತಿದರು. "ಅಷ್ಟು ಮಾತು ಬ್ಯಾಡ. ಅದರ ಕಾಳು ನನ್ನ ಕೈಯಾರ ಬೆಳೆದದ್ದು, ಕಾಳೇ. ಉಂಡೆ ಏನೂಂತ ನಂಗೆ ಗೊತ್ತಿಲ್ಲ. ನನ್ನ ಒಲೆ ಅದನ್ನ ಮುಟ್ಟಿಲ್ಲ. ಇಷ್ಟು ಸತ್ಯ."

"ಹಾಗಾದ್ರೆ ಬಿಟ್ಟುಬಿಡು ಅಂತ ಸೊಸೆಗೆ ಹೇಳು. ಗುಡಿ ಮುಂದೆ ನಿಂತು, ಇನ್ನು ತಿನ್ನಲ್ಲ ಅಂತ ಒಂದು ಮಾತು ಹೇಳ್ಲಿ. ನಿನ್ನ ಮುರೈ ನಿಂಗೇ."

"ಅವಳ ಬಾಯಿ ಅವಳದು. ಅವಳನ್ನೇ ಕೇಳು."

ಇಬ್ಬರೂ ನನ್ನತ್ತ ತಿರುಗಿದರು. ಅತ್ತೆಯ ಮುಖ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಬೇಡಿಕೆ ಇತ್ತು ಅಲ್ಲಿ, ಸುಳ್ಳು ಹೇಳಲಾರೆ. ಒಂದು ಮಾತು ಹೇಳಿ ಮತ್ತೆ ಕದ್ದು ತಿನ್ನಬಹುದಿತ್ತು. ಬೀದಿಯಲ್ಲಿ ಹಾಗೆ ಮಾಡುವವರು ಇದ್ದರು. ಆದರೆ ತಪ್ಪೇ ಅಲ್ಲದ್ದನ್ನು ತಪ್ಪೆಂದು ಒಪ್ಪಿ ಗುಡಿಯ ಮುಂದೆ ಬಿಡುವುದು ಹೇಗೆ?

"ಇಲ್ಲ ದೊಡ್ಡಮ್ಮ. ಹೇಳಲ್ಲ. ಕಾಳು ತಿಂದದ್ದಕ್ಕೆ ಅಮ್ಮನ ಮುಂದೆ ಯಾಕೆ ತಲೆ ತಗ್ಗಿಸಲಿ? ನನ್ನ ಕೂಸು ನನ್ನ ಮೈಯಿಂದ ತಾನೇ ಕುಡೀತಾ ಇದೆ? ಅಮ್ಮನಿಗೂ ಅದು ಗೊತ್ತಿರುತ್ತೆ."

ದೊಡ್ಡಮ್ಮ ಎದ್ದು ಹೋದರು. ಆ ವರ್ಷದ ಪುರಟ್ಟಾಸಿ ಮುರೈ ಪಕ್ಕದ ಮನೆಗೆ ಹೋಯಿತು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಮತ್ತೆ ಅಟ್ಟಕ್ಕೆ ಏರಿಸಿದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ನನ್ನ ಸ್ಟವ್ ಎತ್ತಿಕೊಂಡು ಬಂದು ಮುಂದಿನ ಜಗಲಿಯ ಪಕ್ಕ, ಬೀದಿಗೆ ಕಾಣುವಂತೆ ಇಟ್ಟೆ. ಇನ್ನು ಯಾರಿಗೆ ಮರೆ ಮಾಡಬೇಕು? ಹೋಗುವವರು ಬರುವವರು ಎಲ್ಲರೂ ನೋಡಲಿ ಎಂದು ಅಲ್ಲೇ ನೆನೆಸಿದೆ, ಅಲ್ಲೇ ಹಿಂಡಿದೆ, ಅಲ್ಲೇ ಕೂತು ತಿಂದೆ.

ಪುರಟ್ಟಾಸಿಯ ಮೊದಲ ದಿನ ಬೆಳಿಗ್ಗೆ ಎದ್ದಾಗ ಒಳಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅತ್ತೆ ಮಿಂದು, ಒದ್ದೆ ಕೂದಲನ್ನು ಗಂಟು ಕಟ್ಟಿ ಒಲೆಯ ಮುಂದೆ ಕೂತಿದ್ದರು. ಹಿತ್ತಾಳೆ ಪಾತ್ರೆ ಅಟ್ಟದಿಂದ ಇಳಿದಿತ್ತು. ಅದರೊಳಗೆ ಸುಂಡಲ್, ಅಂದರೆ ಕಾಳಿನ ಉಸಲಿ: ಸಾಸಿವೆ, ಕರಿಬೇವು, ತೆಂಗಿನ ತುರಿ, ಒಣಮೆಣಸಿನಕಾಯಿ. ಕಾಳು ಕಡಲೆಯಲ್ಲ. ಬಚ್ಚಲ ಪಕ್ಕದ ಗಿಡಗಳೆಲ್ಲ ಬೋಳಾಗಿದ್ದವು. ಯಾವಾಗ ಬಿಡಿಸಿದರೋ, ಯಾವಾಗ ಒಣಗಿಸಿದರೋ, ನೆನೆಸಿದ್ದು ಯಾವಾಗಲೋ, ನನಗೆ ಸುಳಿವೇ ಕೊಟ್ಟಿರಲಿಲ್ಲ.

ಗೋಡೆಯ ಮೇಲಿನ ಅಮ್ಮನ ಪಟದ ಮುಂದೆ ಎಲೆ ಹಾಕಿ ಬಡಿಸಿ ಕರ್ಪೂರ ಹಚ್ಚಿದರು.

"ಅಮ್ಮನಿಗೆ ಬ್ಯಾಡ ಅನ್ಸಿದ್ರೆ ಅವಳೇ ಹೇಳ್ಲಿ. ಬೀಗದಕೈ ಇರೋರೆಲ್ಲ ಹೇಳೋದು ಬ್ಯಾಡ" ಎಂದು ಪಟಕ್ಕೆ ಹೇಳಿದರು, ನನಗಲ್ಲ. ಆಮೇಲೆ ಒಂದು ಎಲೆಯಲ್ಲಿ ಸುಂಡಲ್ ಕಟ್ಟಿ ನನ್ನ ಕೈಗಿಟ್ಟರು. "ದೊಡ್ಡಮ್ಮನ ಮನೆಗೆ ಕೊಟ್ಟು ಬಾ. ನಮ್ಮ ಗಿಡದ ಕಾಳು ಅಂತ ಹೇಳು. ಮುಚ್ಚಬ್ಯಾಡ."

ಬೀದಿಯುದ್ದಕ್ಕೂ ನಡೆದೆ. ಸೊಂಟದಲ್ಲಿ ಕೂಸು, ಅಂಗೈ ಮೇಲೆ ತೆರೆದ ಎಲೆ. ಜಗಲಿಗಳಿಂದ ನೋಡುತ್ತಿದ್ದರು. ನೋಡಲಿ. ದೊಡ್ಡಮ್ಮ ಎಲೆಯನ್ನು ತೆಗೆದುಕೊಂಡರು, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಬಹಳ ಹೊತ್ತು ನನ್ನನ್ನೇ ನೋಡಿದರು. "ಕಡಲೆಗಿಂತ ಗಟ್ಟಿ" ಎಂದರು. ಉಗುಳಲಿಲ್ಲ. ಕೊಟ್ಟ ಎಲೆಯನ್ನು ವಾಪಸೂ ಕೊಡಲಿಲ್ಲ. ಮುಂದಿನ ವರ್ಷ ಪುರಟ್ಟಾಸಿ ನಮಗೇ ಬಂತು. ಯಾರೂ ಯಾವ ಮಾತನ್ನೂ ಹೇಳಿಸಲಿಲ್ಲ.

ಸೋಯಾ ಅಮೃತ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ರಕ್ತ ಏರಿದ್ದು ಮಾತ್ರೆಯಿಂದಲೋ, ಸೊಪ್ಪಿನಿಂದಲೋ, ಉಂಡೆಯಿಂದಲೋ, ಹಟದಿಂದಲೋ, ಪ್ರೂಫ್ ನನ್ನ ಬಳಿ ಇಲ್ಲ. ಒಗ್ಗದವರು ಬಿಡಲಿ, ಡಾಕ್ಟರು ಬೇಡವೆಂದವರು ಬಿಡಲಿ. ಬೇರೆಯವರ ಚರಂಡಿ ನೋಡಿ ಬೇಡ ಎನ್ನುವವರ ಮಾತಿಗೆ ಮಾತ್ರ ನಾನು ಆಗಲೂ ಬಿಡಲಿಲ್ಲ, ಈಗಲೂ ಬಿಡಲ್ಲ. ಮಗಳಿಗೆ ಇದನ್ನೇ ಹೇಳಿದ್ದೇನೆ.

ಅತ್ತೆ ಕೊನೆಯವರೆಗೂ ಆ ಉಂಡೆಯನ್ನು ಮುಟ್ಟಲಿಲ್ಲ. ಸ್ಟವ್ ಒಳಗೆ ಬರಲೂ ಇಲ್ಲ. ಆದರೆ ಆ ದಿನ ನಾನು ದೊಡ್ಡಮ್ಮನ ಮನೆಯಿಂದ ವಾಪಸು ಬಂದು ಜಗಲಿಯ ಪಕ್ಕ ನನ್ನ ಅಡಿಗೆಗೆ ಕೂತಾಗ, ಅವರೂ ತಾರಿನ ಬುಟ್ಟಿ ಎತ್ತಿಕೊಂಡು ಬಂದು, ಬೀದಿಗೆ ಮುಖ ಮಾಡಿ ನನ್ನ ಪಕ್ಕದಲ್ಲೇ ಕೂತರು. ಮೀಲ್ ಮೇಕರ್ ಕುದಿಯುತ್ತಿತ್ತು. ಅತ್ತೆ ಮೂಗು ಮುರಿದರು.

"ಸೀಮೆಣ್ಣೆ ವಾಸ್ನೆ ತಡೀಲಾರೆ ಕಣ್ಣು. ಆ ಬತ್ತಿ ಸ್ವಲ್ಪ ಕತ್ತರ್ಸು."